ನೀರಿಗೆ ಬಿದ್ದ ಉತ್ತರ

ನಮ್ಮ ಓಂಗ್ಯಾ ದೇವರಿಗೆ ಬಾಯಿಲ್ಲದೆ ಮೂರು ವರ್ಷ ಆಗಿತ್ತು. ದೇವರಿಗೇನು ಕಷ್ಟ, ಊದುಬತ್ತಿ ಹೊಗೆ ಕುಡ್ಕೊಂಡು ಪೀಠದ ಮೇಲೆ ಆರಾಮಾಗಿ ಕೂತಿದ್ದ. ಒದ್ದಾಡ್ತಿದ್ದೋರು ಕಡಲಲ್ಲಿ ಕಂಬ ನೆಟ್ಟು, ಹಲಗೆ ಹಾಸಿ ಬದುಕೋ ನಮ್ಮ ತಿಯೋ ಜೆಟ್ಟಿಯ ಜನ. ಹೊಸ ಬೋಟು ಕೊಳ್ಳೋದಾ, ಮಗಳನ್ನ ಆಚೆ ದಡದ ಬಟರ್‌ವರ್ತ್ ಕಡೆ ಕೊಡೋದಾ, ಬೆನ್ನುನೋವಿಗೆ ಡಾಕ್ಟರಾ ಕಷಾಯವಾ, ಎಲ್ಲದಕ್ಕೂ ಪಾತ್ರಿಯ ಮೈಮೇಲೆ ಬಂದ ಓಂಗ್ಯಾನನ್ನೇ ಕೇಳಿ ರೂಢಿ. ಆ ಪಾತ್ರಿ ನನ್ನ ಅಣ್ಣ ಎಂಗ್ ಚಿಯಾಂಗ್. ಅವನು ತೀರಿಕೊಂಡ ಮೇಲೆ ದೇವರು ಇನ್ಯಾರ ಮೈಮೇಲೂ ಬಂದಿರಲಿಲ್ಲ. ಜನಕ್ಕೆ ಏನು ಮಾಡೋಕೂ ಧೈರ್ಯ ಸಾಲದೆ ಸುಮ್ಮನೆ ಕಾಯ್ತಾ ಕೂತಿದ್ರು.

ಈ ಸಲ ದೇವರ ಹುಟ್ಟುಹಬ್ಬದ ದಿನ ಬಂದ. ಬಂದಿದ್ದು ಯಾರ ಮೇಲೆ ಅಂತೀರಿ? ಅಣ್ಣನ ಮಗ ಚೂನ್ ಲೆಂಗ್ ಮೇಲೆ. ಹೆತ್ತ ತಾಯಿ ಅವನಿಗೆ ಹಲ್ಲು ಬರೋ ಮೊದಲೇ ಹೋದಳು, ಸಾಕಿದ್ದು ನಾನು. ಲಗ್ನ ಆಗದ ಅತ್ತೆಗೆ ಅವನೇ ಮಗ, ಅವನೇ ಮನೆ, ಅವನೇ ತಲೆನೋವು.

ಅವನು ಪಲ್ಲಕ್ಕಿಯ ಮುಂದಿನ ಕಡೆ ಹೆಗಲು ಕೊಟ್ಟಿದ್ದ. ಡೋಲು ಕಿವಿ ಹರಿಯೋ ಹಾಗೆ ಬಡೀತಿತ್ತು. ಇದ್ದಕ್ಕಿದ್ದ ಹಾಗೆ ಅವನ ಹಿಮ್ಮಡಿ ಹಲಗೆಯಿಂದ ಮೇಲೆದ್ದವು, ಆಮೇಲೆ ಕೈ ನಡುಗಿತು, ಆಮೇಲೆ ತಲೆ. ಅಣ್ಣನಿಗೂ ಅದೇ ಥರ ಆಗ್ತಿತ್ತು, ಮೊದಲು ಹಿಮ್ಮಡಿ, ಆಮೇಲೆ ಕೈ. ನಾನು ಕಣ್ಣು ಮುಚ್ಕೊಂಡೆ. ಸುತ್ತಮುತ್ತ ಜನ ಮಾತ್ರ ಲಾಟರಿ ಹೊಡೆದೋರ ಹಾಗೆ ಕುಣಿದಾಡಿಬಿಟ್ರು. ಗುಡಿ ಕಮಿಟಿಯ ಯಜಮಾನ ಬೆಂಗ್ ಹುವಾತ್ ಅಂತೂ ಕಣ್ಣಲ್ಲಿ ನೀರು ಹಾಕ್ಕೊಂಡು ಹಲಗೆ ಮೇಲೆ ಅಡ್ಡ ಬಿದ್ದ. ಅವನು ನಮ್ಮ ದೊಡ್ಡಪ್ಪನ ಮಗ, ನನಗೆ ಅಣ್ಣ, ಲೆಂಗ್‌ಗೆ ದೊಡ್ಡಪ್ಪ. ಒಳ್ಳೆ ಮನುಷ್ಯ, ಆದ್ರೆ ದೇವರ ವಿಷಯ ಬಂತು ಅಂದ್ರೆ ದೇವರಿಗಿಂತ ಒಂದು ಕೈ ಮೇಲು.

"ನಾಳೆ ಬೆಳಿಗ್ಗೆ ಪೋಯೆ ಹಾಕಿ ದೇವರನ್ನೇ ಕೇಳಿ ಖಾತ್ರಿ ಮಾಡ್ಕೊಂಡು, ನಾಳೆಯಿಂದಲೇ ಹುಡುಗನ್ನ ಪಾತ್ರಿ ವ್ರತಕ್ಕೆ ಕೂರಿಸೋಣ," ಅಂದ.

ಮನೆಗೆ ಬಂದವನೇ ಲೆಂಗ್ ಒಂದು ಚೊಂಬು ನೀರು ಗಟಗಟ ಕುಡಿದ. ನಾನು ಅವನ ಎದುರಿಗೇ ಕೂತೆ.

"ನಿಜ ಹೇಳು. ನಾಟಕಾನಾ?" ಅಂದೆ. ಹೂಂ ಅಂದುಬಿಡಲಿ ಅಂತ ಒಳಗೊಳಗೇ ಬೇಡ್ಕೊಳ್ತಿದ್ದೆ.

"ಅಲ್ಲ ಅತ್ತೆ. ನಾನು ಹಾಕ್ಕೊಂಡಿರೋ ಅಂಗಿಯೊಳಗೇ ಇನ್ನೊಬ್ಬರು ಕೈ ತೂರಿಸಿದ ಹಾಗಾಯ್ತು."

"ಹಾಗಾದ್ರೆ ಬಂದಿದ್ದು ಅವನೇ."

"ಅವನೇ. ಅದರಲ್ಲಿ ನನಗೆ ಅನುಮಾನ ಇಲ್ಲ. ಆದ್ರೆ ನಾನು ಒಲ್ಲೆ."

"ಒಲ್ಲೆ ಅನ್ನೋಕೆ ಅದೇನು ಕಾಫಿ ಅಂಗಡೀಲಿ ಎರಡನೇ ಲೋಟಾನಾ? ದೇವರು ಕಣೋ."

"ಗೊತ್ತು. ಅತ್ತೆ, ನಾನು ಚಿಕ್ಕವನಿದ್ದಾಗ ಒಂದು ಸಲ ಅಪ್ಪನ ಮೈಮೇಲೆ ದೇವರು ಬಂದಿತ್ತು. ನಾನು ಹೋಗಿ ಕಾಲು ತಬ್ಕೊಂಡೆ. ಅಪ್ಪ ಬಗ್ಗಿ ನನ್ನ ಮುಖಾನೇ ನೋಡಿ, ಈ ಹುಡುಗ ಯಾರ ಮಗ ಅಂತ ಕೇಳಿದ." ಲೆಂಗ್ ಚೊಂಬನ್ನ ಮೆಲ್ಲಗೆ ಕೆಳಗಿಟ್ಟ. "ನನಗೆ ಓಂಗ್ಯಾನ ಮೇಲೆ ಸಿಟ್ಟಿಲ್ಲ. ನನ್ನ ಮೈಯಲ್ಲಿ ನಾನು ಇರ್ಬೇಕು, ಅಷ್ಟೇ."

ನನ್ನಣ್ಣ ಬಾಯಲ್ಲಿ ಅನ್ನದ ತುತ್ತು ಇದ್ದ ಹಾಗೇ ಎದ್ದು ಹೋಗ್ತಿದ್ದವನು. ಯಾರ ಮನೇಲೋ ಮಗು ಕಿರುಚ್ತು ಅಂದ್ರೆ ಸಾಕು, ಬಾಗಿಲು ಬಡೀತಿದ್ರು, ಅವನು ಹೋಗ್ತಿದ್ದ. ಕೆನ್ನೆಗೆ ಕಬ್ಬಿಣದ ಸಲಾಕೆ ಚುಚ್ಚಿಸಿಕೊಂಡು ಬಂದು, ಮಾರನೇ ದಿನ ಗಂಜಿ ಕುಡಿಯೋಕೂ ಆಗದೆ ಕೂತಿರ್ತಿದ್ದ. ಸಾಕಪ್ಪ ಬಿಡು ಅಂದ್ರೆ, ನನ್ನ ಕೈಲೇನಿದೆ ತಂಗಿ, ಅಂತಿದ್ದ. ಐವತ್ತೂ ತುಂಬಲಿಲ್ಲ ಅವನಿಗೆ. ಒಂದು ಮನೆಯಿಂದ ಒಬ್ಬನ್ನ ತಗೊಂಡದ್ದು ಸಾಲದಾ? ನನಗೆ ಉರಿದುಹೋಯ್ತು.

ಬೆಳಿಗ್ಗೆ ಗುಡಿ ತುಂಬಿತ್ತು. ನಮ್ಮ ಗುಡಿಯೂ ನಮ್ಮ ಮನೆಗಳ ಹಾಗೇ ಕಂಬದ ಮೇಲೆ, ಹಲಗೆ ನೆಲದ ಮೇಲೆ ನಿಂತಿರೋದು. ಕೆಳಗೆ ಸಮುದ್ರ. ಅವತ್ತು ನೀರು ಪೂರ್ತಿ ಏರಿ ಹಲಗೆಯ ಅಡಿಗೇ ಚಪ್ ಚಪ್ ಅಂತಿತ್ತು. ಮೀನು ಹಿಡಿಯೋಕೆ ಯಾರೂ ಹೋಗಿರಲಿಲ್ಲ. ಕಾಲಿಗೆ ಕಾಲು ತಾಗೋ ಹಾಗೆ ಜನ.

ಬೆಂಗ್ ಹುವಾತ್ ಪೋಯೆ ಕೈಗೆ ತಗೊಂಡ. ಅರ್ಧಚಂದ್ರದ ಎರಡು ಮರದ ತುಂಡು ಅವು. ಒಂದು ಮಗ್ಗುಲು ಚಪ್ಪಟೆ, ಅದನ್ನ ನಾವು ಹೊಟ್ಟೆ ಅಂತೀವಿ. ಇನ್ನೊಂದು ಮಗ್ಗುಲು ಉಬ್ಬು, ಅದು ಬೆನ್ನು. ದೇವರಿಗೆ ಪ್ರಶ್ನೆ ಹೇಳಿ ನೆಲಕ್ಕೆ ಹಾಕಿದಾಗ ಒಂದರ ಹೊಟ್ಟೆ ಒಂದರ ಬೆನ್ನು ಮೇಲೆ ಬಂದ್ರೆ ದೇವರು ಹೂಂ ಅಂದ. ಎರಡೂ ಬೆನ್ನಾದ್ರೆ ಊಹೂಂ. ಎರಡೂ ಹೊಟ್ಟೆಯಾದ್ರೆ ದೇವರು ಬರೀ ನಕ್ಕ, ಮತ್ತೆ ಹಾಕಬೇಕು. ದೊಡ್ಡ ವಿಷಯಕ್ಕೆ ಮೂರು ಸಲ ಬಿಡದೆ ಹೂಂ ಬರಬೇಕು.

"ಓಂಗ್ಯಾ, ಈ ಚೂನ್ ಲೆಂಗ್ ನಿನಗೆ ಬಾಯಾಗಿ ಬೇಕಾ?" ಅಂತ ಕೇಳಿ ಬೆಂಗ್ ಹುವಾತ್ ಹಾಕಿದ. ಹೂಂ. ಮತ್ತೆ ಹಾಕಿದ. ಹೂಂ. ಮೂರನೇ ಸಲವೂ ಹೂಂ. ಗುಡಿ ಛಾವಣಿ ಹಾರಿಹೋಗೋ ಹಾಗೆ ಜನ ಕೂಗಿದ್ರು, ಯಾರೋ ಡೋಲಿಗೆ ಕೈ ಹಾಕಿದ್ರು.

"ಒಂದು ನಿಮಿಷ," ಅಂದೆ ನಾನು. ಯಾರಿಗೂ ಕೇಳಿಸಲಿಲ್ಲ. ಡೋಲಿನವನ ಕೋಲು ಕಿತ್ಕೊಂಡೆ. ಆಗ ಎಲ್ಲರೂ ನನ್ನ ಕಡೆ ತಿರುಗಿದ್ರು.

"ದೇವರು ಕೇಳಿದ್ದಾಯ್ತು. ಈಗ ಹುಡುಗ ಕೇಳೋದಿದೆ. ಅವನಿಗೆ ಮನಸ್ಸಿಲ್ಲ."

"ಮನಸ್ಸು?" ಬೆಂಗ್ ಹುವಾತ್ ನನ್ನನ್ನ ಕೆಕ್ಕರಿಸಿ ನೋಡಿದ. "ಸಿಯೂ ಖಿಮ್, ದೇವರು ಆರಿಸಿದ ಮೇಲೆ ಮನುಷ್ಯನ ಮನಸ್ಸು ಯಾವ ಲೆಕ್ಕ? ಹುಟ್ಟೋವಾಗ ನಿನ್ನನ್ನ ಕೇಳಿ ಹುಟ್ಟಿಸಿದನಾ? ಸಾಯೋವಾಗ ಕೇಳ್ತಾನಾ?"

"ಹುಟ್ಟು ಸಾವು ಕೇಳದೆ ಮಾಡ್ತಾನೆ, ಸರಿ ಅಣ್ಣ. ನಡುವೆ ಇರೋದನ್ನ ಕೇಳೇ ಮಾಡಬೇಕು ಅಂತ ತಾನೆ ಈ ಪೋಯೆ ಇಟ್ಟಿರೋದು? ಇಲ್ಲಾಂದ್ರೆ ಇವನ್ನ ಒಲೆಗೆ ಹಾಕಿ, ಟೀ ಆದ್ರೂ ಕಾಯುತ್ತೆ."

ಹೆಂಗಸರ ಕಡೆ ಕಿಸಕ್ ಅಂತ ನಗು ಬಂತು. ಮುದುಕಿ ಗೈಕ್ ನಿಯೋ ಬಾಯಿಗೆ ಸೆರಗಿನ ಹಾಗೆ ಟವೆಲು ಅಡ್ಡ ಹಿಡಿದಳು.

"ಹಿಂದೆ ಯಾರೂ ಹೀಗೆ ಕೇಳಿಲ್ಲ," ಅಂದ ಬೆಂಗ್ ಹುವಾತ್.

"ಯಾರೂ ಕೇಳಿಲ್ಲ ಅಂದ್ರೆ ಅವನ ಉತ್ತರ ಯಾರಿಗೂ ಗೊತ್ತಿಲ್ಲ ಅಂತಾಯ್ತು. ನಿಮಗೆ ಹೆದರಿಕೆನಾ, ಅವನು ಬಿಡ್ತೀನಿ ಅಂದುಬಿಟ್ರೆ ಅಂತ?"

ಅಷ್ಟು ಹೊತ್ತು ತೆಪ್ಪಗಿದ್ದ ಲೆಂಗ್ ಎದ್ದು ಬಂದು ಕೈ ಚಾಚಿದ. "ದೊಡ್ಡಪ್ಪ, ಕೊಡಿ. ನಾನೇ ಕೇಳ್ತೀನಿ. ಅವನೇನು ಹೇಳಿದ್ರೂ ನಾನು ಮುಚ್ಚಿಡಲ್ಲ."

ಬೆಂಗ್ ಹುವಾತ್ ಕೊಟ್ಟ. ಕೊಡದೆ ಇರೋಕೆ ಅವನಿಗೂ ಕಾರಣ ಸಿಗಲಿಲ್ಲ ಅನ್ಸುತ್ತೆ. ಲೆಂಗ್ ಮಂಡಿಯೂರಿ ಪೋಯೆಯನ್ನ ಹಣೆಗೆ ಒತ್ಕೊಂಡ.

"ಓಂಗ್ಯಾ, ನೀನು ಕರೆದದ್ದು ನನಗೆ ಗೊತ್ತಾಗಿದೆ. ನಾನು ಒಲ್ಲೆ ಅಂದ್ರೆ ನನ್ನನ್ನ ಬಿಡ್ತೀಯಾ?"

ಹಾಕಿದ. ಒಂದು ಹೊಟ್ಟೆ, ಒಂದು ಬೆನ್ನು. ಹೂಂ.

ಎರಡನೇ ಸಲ ಹಾಕಿದ. ಹೂಂ. ನಾನು ಗೈಕ್ ನಿಯೋಳ ಭುಜ ಹಿಡ್ಕೊಂಡೆ. ಆಕೆಯೂ ನನ್ನನ್ನ ಹಿಡ್ಕೊಂಡಿದ್ದಳು. ಇನ್ನೊಂದೇ ಒಂದು ಬೇಕಾಗಿತ್ತು.

ಮೂರನೇ ಸಲ ಹಾಕಿದ. ಒಂದು ತುಂಡು ಬಿದ್ದಲ್ಲೇ ನಿಂತಿತು, ಬೆನ್ನು ಮೇಲೆ. ಇನ್ನೊಂದು ಹಲಗೆಗೆ ಬಡಿದು ಪುಟಿದು, ಬುಗುರಿ ಹಾಗೆ ಗಿರ್ರಂತ ಸುತ್ತಿ, ಕಾಣಿಕೆ ಡಬ್ಬಿ ಹತ್ತಿರ ಕೊಳೆತ ಹಲಗೆಯ ಸಂದಿಯಲ್ಲಿ ಪುಸಕ್ಕನೆ ಇಳಿದುಹೋಯ್ತು. ಕೆಳಗೆ ಪುಳಕ್ ಅಂತ ಸದ್ದು.

ಆಮೇಲೆ ನೋಡಬೇಕಿತ್ತು. ಗಂಡಸರು, ಹೆಂಗಸರು, ಸೊಂಟ ಹಿಡ್ಕೊಂಡ ಮುದುಕರು, ಎಲ್ಲ ದಬದಬ ಹೊಟ್ಟೆ ಮೇಲೆ ಮಲಗಿ ಹಲಗೆ ಸಂದಿಗೆ ಕಣ್ಣಿಟ್ರು. ಮೇಲೆ ಉಳಿದದ್ದು ಬೆನ್ನು. ನೀರಲ್ಲಿರೋದು ಹೊಟ್ಟೆಯಾದ್ರೆ ದೇವರು ಬಿಟ್ಟ ಹಾಗೆ. ಬೆನ್ನಾದ್ರೆ ಬಿಡಲಿಲ್ಲ.

"ಹೊಟ್ಟೆ," ಅಂದಳು ಗೈಕ್ ನಿಯೋ ನೆಲದಿಂದ.

"ಬೆನ್ನು," ಅಂದ ಬೆಂಗ್ ಹುವಾತ್, ಇನ್ನೊಂದು ಸಂದಿಯಿಂದ.

"ಕನ್ನಡಕ ಹಾಕ್ಕೊಳ್ಳೋ, ಹೊಟ್ಟೆ."

"ಹೊಟ್ಟೆಯಾಗಿತ್ತು, ಈಗ ಬೆನ್ನಾಯ್ತು."

ಅಲೆ ಬಂದಾಗೊಮ್ಮೆ ಅದು ಮಗುಚ್ತಿತ್ತು. ಪಕ್ಕಕ್ಕೆ ವಾಲಿ ಅರ್ಧ ಮುಳುಗಿ, ಒಂದು ಅಲೆಗೆ ಹೊಟ್ಟೆ, ಇನ್ನೊಂದು ಅಲೆಗೆ ಬೆನ್ನು. ಯಾರೋ ಮೀನಿನ ಬಲೆ ಹಾಕಿ ಎತ್ತೋಣ ಅಂದ್ರು. ಬೆಂಗ್ ಹುವಾತ್ ಎದ್ದು ಎರಡೂ ಕೈ ಅಡ್ಡ ಹಿಡಿದ.

"ಯಾರೂ ಮುಟ್ಟಕೂಡದು. ಪೋಯೆ ತಾನಾಗಿ ನಿಲ್ಲೋ ತನಕ ಉತ್ತರ ಮುಗಿದಿಲ್ಲ. ಮನುಷ್ಯನ ಕೈ ತಾಗಿದ್ರೆ ಅದು ಮನುಷ್ಯನ ಉತ್ತರ."

"ಸಮುದ್ರದಲ್ಲಿ ಅದು ನಿಲ್ಲೋದು ಯಾವಾಗ ದೊಡ್ಡಪ್ಪ?" ಅಂದ ಲೆಂಗ್.

ಅಷ್ಟರಲ್ಲಿ ನೀರು ಇಳಿಯೋಕೆ ಶುರುವಾಯ್ತು. ದೇವರ ಉತ್ತರ ಕಂಬಗಳ ನಡುವೆ ನುಸುಳಿ, ಯಾರ ಅಪ್ಪಣೆಯೂ ಇಲ್ಲದೆ ಹೊರಗಿನ ಕಡಲಿಗೆ ಹೊರಟಿತು.

ಆಮೇಲಿನ ಗಲಾಟೆ ನಮ್ಮ ಜೆಟ್ಟಿ ಹುಟ್ಟಿದಾಗಿನಿಂದ ಯಾರೂ ಕಂಡಿದ್ದಲ್ಲ. ಎಲ್ಲರೂ ಬೋಟಿಗೆ ಓಡಿದ್ರು. ಯಾರ ಬೋಟು ಯಾರಿಗೆ ಅಂತಿಲ್ಲ, ಸಿಕ್ಕಿದ್ದಕ್ಕೆ ಹಾರಿದ್ರು. ಲೆಂಗ್ ಬೋಟಿನ ಇಂಜಿನ್ ರಿಪೇರಿ ಮಾಡೋನು. ಹಬ್ಬದ ಬಿಡುವಲ್ಲಿ ಇಡೀ ಜೆಟ್ಟಿಯ ಇಂಜಿನ್ನು ಅವನ ಶೆಡ್ಡಲ್ಲಿ ಬಿಚ್ಚಿ ಬಿದ್ದಿದ್ದವು.

"ನನ್ನ ಇಂಜಿನ್ ಎಲ್ಲೋ?" ಅಂತ ಬೆಂಗ್ ಹುವಾತ್ ಬೋಟಿನಲ್ಲಿ ನಿಂತು ಕೂಗಿದ.

"ಶೆಡ್ಡಲ್ಲಿದೆ ದೊಡ್ಡಪ್ಪ. ಪಿಸ್ಟನ್ ಬೇರೆ, ಅದು ಬೇರೆ."

"ಹಾಳಾಗಿಹೋಗು," ಅಂದು ಅವನು ಹುಟ್ಟು ಹಾಕೋಕೆ ಹಲಗೆ ತುಂಡು ಹಿಡಿದ. ಇನ್ಯಾರೋ ಅಡಿಗೆ ಮನೆಯ ದೊಡ್ಡ ಸೌಟಲ್ಲೇ ನೀರು ತಳ್ತಿದ್ದ.

ಲೆಂಗ್ ತನ್ನ ಬೋಟು ಸ್ಟಾರ್ಟ್ ಮಾಡಿದ. "ನನ್ನನ್ನ ಬಿಟ್ಟು ಹೋದ್ರೆ ಕಾಲು ಮುರೀತೀನಿ," ಅಂತ ನಾನೂ ಹಾರಿದೆ. ಈ ವಯಸ್ಸಲ್ಲಿ ಹಾರೋದು ಅಂದ್ರೆ ಬೀಳೋದೇ, ಮಂಡಿ ತರಚ್ತು, ಅದನ್ನ ನೋಡೋಕೂ ಪುರುಸೊತ್ತಿರಲಿಲ್ಲ. ಅವನು ಇಂಜಿನ್ ಮೆಲ್ಲಗಿಟ್ಟು ಪೋಯೆಯ ಹಿಂದೆಯೇ, ಅಲೆ ತಾಗದ ಹಾಗೆ, ದೂರದಿಂದ ಹೋಗ್ತಿದ್ದ. ನಮ್ಮ ಹಿಂದೆ ಇಡೀ ಜೆಟ್ಟಿ, ಒಂದು ಮರದ ತುಂಡಿನ ಬೆನ್ನು ಹತ್ತಿ ಬರ್ತಿತ್ತು. ಬೋಟಿಂದ ಬೋಟಿಗೆ ಕೂಗು, ಹೊಟ್ಟೆ ಅಂತ ಒಬ್ಬರು, ಬೆನ್ನು ಅಂತ ಒಬ್ಬರು. ಹೆದರಿಕೆ ಇದ್ದದ್ದು ಹೌದು, ಆದ್ರೂ ಹೇಳ್ತೀನಿ, ಅಷ್ಟು ಮಜಾ ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ನೀರಿನ ಸೆಳೆತ ಜೋರಾಯ್ತು. ಹುಟ್ಟು ಇದ್ದೋರು, ಸೌಟು ಇದ್ದೋರು ಹಿಂದೆ ಬಿದ್ರು. ಪೋಯೆ ಮೀನು ಸಾಕೋರ ತೆಪ್ಪದ ಹತ್ತಿರ ಬಂತು. ಅಲ್ಲಿ ಪೀಪಾಯಿಗಳ ಮೇಲೆ ಹಲಗೆ ಕಟ್ಟಿ, ಕೆಳಗೆ ಬಲೆ ಇಳಿಬಿಟ್ಟಿರ್ತಾರೆ. ಅದೇ ಹೊತ್ತಿಗೆ ಆಚೆ ದಡಕ್ಕೆ ಹೋಗೋ ಫೆರ್ರಿ ಹಾದುಹೋಯ್ತು. ಅದರ ದೊಡ್ಡ ಅಲೆ ಉರುಳಿ ಬಂದು ನಮ್ಮ ಬೋಟನ್ನ ಎತ್ತಿ ಇಳಿಸ್ತು, ಪೋಯೆಯನ್ನ ಎತ್ತಿ ತೆಪ್ಪದ ಹಲಗೆ ಮೇಲೆ ಹಾಕ್ತು. ಅದು ಠಕ್ ಅಂತ ಬಿದ್ದು, ಅಲ್ಲೇ ನಿಂತುಬಿಟ್ಟಿತು.

ಲೆಂಗ್ ಇಂಜಿನ್ ಆರಿಸಿದ. ಬೋಟು ತಾನೇ ತೇಲ್ಕೊಂಡು ತೆಪ್ಪಕ್ಕೆ ತಾಗಿತು. ಪೋಯೆ ಕೈಯಳತೆಯಲ್ಲಿತ್ತು. ಅಲ್ಲಾಡ್ತಿರಲಿಲ್ಲ.

ಬೆನ್ನು.

ಎರಡೂ ಬೆನ್ನು. ಬಿಡಲ್ಲ ಅಂದುಬಿಟ್ಟಿದ್ದ.

ಹಿಂದೆ ನೋಡಿದೆ. ಬೆಂಗ್ ಹುವಾತ್‌ನ ಬೋಟು ಇನ್ನೂ ಎಷ್ಟೋ ದೂರ. ಅವರಿಗೆ ತೆಪ್ಪ ಕಾಣ್ತಿತ್ತೇ ಹೊರತು ಹಲಗೆ ಮೇಲಿನ ಅಂಗೈಯಗಲದ ತುಂಡು ಕಾಣ್ತಿರಲಿಲ್ಲ. "ಏನು ಬಂತು?" ಅಂತ ಕೂಗ್ತಿದ್ರು. ಒಂದು ಬೆರಳು ಸಾಕಿತ್ತು. ಒಂದೇ ಬೆರಳು ತಾಗಿಸಿದ್ರೆ ಹೊಟ್ಟೆ.

"ತಿರುಗಿಸಿಬಿಡೋ," ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಯಾರೂ ನೋಡಿಲ್ಲ."

"ನಾವಿಬ್ಬರು ನೋಡಿದೀವಲ್ಲ ಅತ್ತೆ."

"ನಾನು ಸಾಯೋ ತನಕ ಬಾಯಿ ಬಿಡಲ್ಲ."

"ಅವನೂ ನೋಡಿದಾನೆ," ಅಂದ.

"ಅವನು ನೋಡಲಿ. ನನ್ನಣ್ಣನ್ನ ತಗೊಂಡಾಗ ನಾನೂ ನೋಡ್ತಾ ನಿಂತಿದ್ದೆ. ನೀನು ತಿರುಗಿಸ್ತೀಯೋ, ನಾನೇ ತಿರುಗಿಸ್ಲೋ?" ಅಂತ ನಾನು ಕೈ ಚಾಚಿದೆ.

ಲೆಂಗ್ ನನ್ನ ಮಣಿಕಟ್ಟು ಹಿಡಿದ. ಒರಟಾಗಿ ಅಲ್ಲ, ಆದ್ರೆ ಬಿಡಿಸ್ಕೊಳ್ಳೋಕೆ ಆಗೋ ಹಾಗೂ ಅಲ್ಲ. ಆಮೇಲೆ ಬೋಟಿನಲ್ಲಿ ಎದ್ದು ನಿಂತ. ಕೈ ಬಾಯಿಗೆ ಅಡ್ಡ ಹಿಡಿದು, ಹಿಂದೆ ಬರ್ತಿದ್ದ ಇಡೀ ಜೆಟ್ಟಿಗೆ ಕೇಳೋ ಹಾಗೆ ಕೂಗಿದ.

"ಬೆನ್ನು."

ಬೋಟುಗಳಲ್ಲಿ ಹುಯಿಲೆದ್ದಿತು. ಯಾರೋ ಸೌಟಿಂದ ಬೋಟಿನ ಅಂಚು ಬಡಿದ್ರು. ಬೆಂಗ್ ಹುವಾತ್ ಎರಡೂ ಕೈ ಆಕಾಶಕ್ಕೆತ್ತಿದ್ದು ಇಲ್ಲಿಂದಲೇ ಕಾಣ್ತಿತ್ತು. ನಾನು ಬೋಟಿನ ತಳದಲ್ಲಿ ಕುಸಿದು ಕೂತೆ. ಎಂಥ ಪೆದ್ದನನ್ನ ಸಾಕಿದೆ ನಾನು ಅಂತ ಅಳು ಬಂತು, ಸಿಟ್ಟೂ ಬಂತು.

ಲೆಂಗ್ ಕೂಗಿದ್ದು ಮುಗಿದಿರಲಿಲ್ಲ. ಜನ ಸುಮ್ಮನಾಗೋ ತನಕ ಕಾದ. ಬೋಟುಗಳು ಹತ್ತಿರ ಬಂದ್ವು.

"ದೊಡ್ಡಪ್ಪ, ಎಲ್ಲರೂ ಕೇಳಿ. ನನ್ನನ್ನ ಬಿಡಲ್ಲ ಅಂತ ಓಂಗ್ಯಾ ಹೇಳಿದಾನೆ. ನಾನು ಮುಚ್ಚಿಡಲಿಲ್ಲ." ಒಂದು ಸಲ ಉಸಿರು ಎಳ್ಕೊಂಡ. "ಆದ್ರೂ ನಾನು ಬರಲ್ಲ."

ಮೀನಿನ ಬಲೆಯೊಳಗೆ ಮೀನು ಹೊರಳೋದು ಕೇಳ್ತಿತ್ತು. ಎಲ್ಲರೂ ಕಾಯ್ತಿದ್ರು, ಬೋಟು ಮಗುಚುತ್ತೆ ಅಂತಲೋ, ಅವನು ರಕ್ತ ಕಾರ್ತಾನೆ ಅಂತಲೋ. ನಾನೂ ಕಾಯ್ತಿದ್ದೆ, ಸುಳ್ಳು ಯಾಕೆ ಹೇಳಲಿ. ಬೋಟಿನ ಅಂಚು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಏನೂ ಆಗಲಿಲ್ಲ. ಬಿಸಿಲು ನೆತ್ತಿ ಮೇಲೆ ಸುಡ್ತಿತ್ತು.

ಬೆಂಗ್ ಹುವಾತ್‌ನ ಬೋಟು ಬಂದು ನಮ್ಮದಕ್ಕೆ ಒರಗಿತು. ಅವನ ಮುಖ ಬಿಳಿಚಿಕೊಂಡಿತ್ತು.

"ಬೆನ್ನು ಅಂತ ನೀನೇ ಹೇಳ್ದೆ," ಅಂದ. "ಸುಳ್ಳು ಹೇಳಿದ್ರೆ ಮುಗಿದೇ ಹೋಗ್ತಿತ್ತಲ್ಲೋ. ನಾವೆಲ್ಲ ನಂಬ್ತಿದ್ವಿ."

"ಸುಳ್ಳು ಹೇಳಿದ್ರೆ ಅವನು ಬಿಟ್ಟದ್ದರಿಂದ ನಾನು ಉಳಿದೆ ಅಂತಾಗ್ತಿತ್ತು ದೊಡ್ಡಪ್ಪ. ಹಾಗಲ್ಲ. ಅವನು ಬಿಟ್ಟಿಲ್ಲ. ನಾನು ಹೋಗ್ತಿಲ್ಲ. ಎರಡೂ ನಿಜ."

"ನಿನಗೆ ಹೆದರಿಕೆ ಇಲ್ವೇನೋ?"

ಲೆಂಗ್ ಎರಡೂ ಕೈ ಮುಂದೆ ಹಿಡಿದ. ಬೆರಳ ತುದಿ ತನಕ ನಡುಗ್ತಿದ್ವು. ಬೆಂಗ್ ಹುವಾತ್ ಅದನ್ನ ನೋಡಿದ, ಅವನ ಕಣ್ಣಲ್ಲಿ ಆಸೆ ಮಿಣಕ್ ಅಂತು. "ಅವನು ಬಂದನಾ?" ಅಂದ ಪಿಸುದನಿಯಲ್ಲಿ.

"ಇಲ್ಲ. ಇದು ನಂದೇ."

ಬೆಂಗ್ ಹುವಾತ್ ಆ ಕೈಗಳನ್ನೇ ನೋಡ್ತಾ ಕೂತ. ನಾನೂ ನೋಡ್ದೆ. ನನಗಾಗ ಹೊಳೀತು, ಬೆಳಿಗ್ಗೆಯಿಂದ ನಾನು ಬಡ್ಕೊಂಡಿದ್ದೆಲ್ಲ ಏನಕ್ಕೆ ಅಂತ. ಒಲ್ಲೆ ಅನ್ನೋಕೆ ನಾನು ದೇವರ ಅಪ್ಪಣೆ ಕೇಳೋಕೆ ಹೋಗಿದ್ದೆ. ಸಿಗದೇ ಹೋದಾಗ ಕದಿಯೋಕೂ ಹೋಗಿದ್ದೆ. ಇವನಿಗೆ ಅದು ಬೇಕೇ ಆಗಿರಲಿಲ್ಲ.

"ಹಾಗಾದ್ರೆ ಈಗ," ಅಂದ ಬೆಂಗ್ ಹುವಾತ್, "ಈಗ ಓಂಗ್ಯಾ ಏನು ಮಾಡಬೇಕು?"

"ಅದನ್ನ ಅವನು ಯೋಚನೆ ಮಾಡಲಿ. ಅವನಿಗೂ ತನ್ನಿಷ್ಟ ಅಂತ ಇರುತ್ತಲ್ಲ."

ಬೆಂಗ್ ಹುವಾತ್ ಬಯ್ತಾನೆ ಅಂದ್ಕೊಂಡೆ. ಬಯ್ಯಲಿಲ್ಲ. ತೆಪ್ಪದ ಮೇಲಿಂದ ಪೋಯೆ ತಾನೇ ಎತ್ತಿಕೊಂಡು, ಅಂಗಿಯಿಂದ ಒರೆಸಿ, ಎದೆ ಜೇಬಿಗೆ ಹಾಕ್ಕೊಂಡ. ಮಗು ಮಲಗಿಸೋ ಹಾಗೆ ಮೆಲ್ಲಗೆ ಹಾಕ್ಕೊಂಡ. ಅವನಿಗೆ ಆಗಿದ್ದ ನೋವು ನನಗೆ ಆಗ ಕಂಡಿತು. ಅವನೂ ಮೂರು ವರ್ಷದಿಂದ ಕಾದವನೇ.

ಸುತ್ತ ನೋಡಿದ್ರೆ ಬೋಟುಗಳೆಲ್ಲ ಸೆಳೆತಕ್ಕೆ ಸಿಕ್ಕಿ ಹೊರಗಡೆಗೆ ಜಾರ್ತಾ ಇದ್ವು. ಸೌಟಿನವನು ಸುಸ್ತಾಗಿ ಸೌಟು ತೊಡೆ ಮೇಲಿಟ್ಕೊಂಡಿದ್ದ. ಜೆಟ್ಟಿ ಸಣ್ಣದಾಗಿ ದೂರದಲ್ಲಿ ಕಾಣ್ತಿತ್ತು. ಇಡೀ ಗುಂಪಿನಲ್ಲಿ ಓಡೋ ಇಂಜಿನ್ ಒಂದೇ.

"ಹಗ್ಗ ಎಸೀರಿ," ಅಂದ ಲೆಂಗ್.

ಮೊದಲು ಬೆಂಗ್ ಹುವಾತ್ ತನ್ನ ಬೋಟಿನ ಹಗ್ಗ ಎತ್ತಿ ನನ್ನ ಕಡೆ ಎಸೆದ. ಅವನ ಹಿಂದಿನವರು ಅವನಿಗೆ, ಅವರ ಹಿಂದಿನವರು ಅವರಿಗೆ, ಹೀಗೆ ಒಂದಕ್ಕೊಂದು ಕಟ್ಕೊಂಡ್ರು. ಲೆಂಗ್ ಇಂಜಿನ್ ಹಗ್ಗ ಎಳೆದ. ಕೈ ನಡುಗ್ತಿದ್ದದ್ದಕ್ಕೆ ಮೊದಲ ಸಲ ಸ್ಟಾರ್ಟ್ ಆಗಲಿಲ್ಲ. ಎರಡನೇ ಸಲಕ್ಕೆ ಆಯ್ತು.

ನಾನು ಹಿಂದಿನ ಅಂಚಲ್ಲಿ ಕೂತು ಬೆಂಗ್ ಹುವಾತ್‌ನ ಹಗ್ಗ ಕೊಕ್ಕೆಗೆ ಸುತ್ತಿ ಬಿಗಿ ಮಾಡ್ತಿದ್ದೆ. ಮುಖ ಒದ್ದೆಯಾಗಿತ್ತು. ಅಳ್ತಿದ್ದೀನಾ ನಗ್ತಿದ್ದೀನಾ ನನಗೇ ತಿಳೀತಿರಲಿಲ್ಲ. ಈ ಹುಡುಗ ಯಾರ ಮಗ ಅಂತ ಈಗ ಆ ದೇವರೇ ಎದುರು ನಿಂತು ಕೇಳಿದ್ರೂ ನಾನು ಎದೆ ತಟ್ಟಿ ಹೇಳ್ತಿದ್ದೆ. ಲೆಂಗ್ ತಿರುಗಿ ನೋಡಿದ.

"ಅತ್ತೆ, ಹಗ್ಗ ಗಟ್ಟಿ ಇದೆಯಾ?"

"ನಿನ್ನ ಕೆಲಸ ನೋಡ್ಕೋ, ನಡಿ," ಅಂದೆ.